ಆಸ್ಲಾಕನ ಎಡ, ಹಕ್ಕಿಯ ಬಲ

ಎಲ್ಲಿಂದ ಶುರು ಮಾಡೋಣ? ಹೀರೋ ಎಂಟ್ರಿಯಿಂದ ಎಂದರೆ ತೊಂದರೆಯಿದೆ: ಇಲ್ಲಿ ಎಂಟ್ರಿ ಕೊಡುವವಳು ಹೀರೋಯಿನ್. ಕೆಂಗೊರಳು ಎಂಬ ಈ ದಡದ ಹಕ್ಕಿಗಳಲ್ಲಿ ಮೈಬಣ್ಣ, ಫೈಟಿಂಗು, ಬೆನ್ನಟ್ಟಿ ಪ್ರೀತಿಸುವುದು, ಎಲ್ಲ ಹೆಣ್ಣಿನದೇ. ಗಂಡು, ಪಾಪ, ಮಾಸಲು ಅಂಗಿ ತೊಟ್ಟು ಮೊಟ್ಟೆಯ ಮೇಲೆ ಕೂರುತ್ತದೆ.

೧. (ಹರಿದು ಹಾಕಿದ ಡ್ರಾಫ್ಟು. ಆದರೂ ಓದಿ.) ನಾರ್ವೆಯ ಉತ್ತರ ತುದಿ, ವರಂಗೇರ್ ಬಯಲು. ಜೂನ್ ಕೊನೆ. ಹೊಂಡದ ಮೇಲೆ ಬಂಗಾರದ ಬೆಳಕು ನರ್ತಿಸುತ್ತಿತ್ತು...

"ಯಾವ ಬಂಗಾರ? ಸೊಳ್ಳೆ ಅಂತ ಬರಿ," ಎಂದಳು ಇಂಗುನ್.

ಇವಳೇ ನಮ್ಮ ಕಥೆಯವಳು. ಮೂರು ಬೇಸಿಗೆ ಈ ಹೊಂಡದ ಪಕ್ಕ ಬೋರಲು ಮಲಗಿದ್ದಾಳೆ. ಇಲ್ಲಿನ ಒಂದು ಹೆಣ್ಣು ಒಬ್ಬ ಗಂಡನಿಗೆ ಮೊಟ್ಟೆ ಒಪ್ಪಿಸಿ ಇನ್ನೊಬ್ಬನನ್ನು ಕಟ್ಟಿಕೊಂಡಿದೆ ಎಂದು ತೋರಿಸಿದರೆ ಅವಳ ಸಂಶೋಧನಾ ಪ್ರಬಂಧ ಮುಗಿಯುತ್ತದೆ. ಆ ಹೆಣ್ಣಿನ ಎಡಗಾಲಿಗೆ ಗುರುತಿನ ಕೆಂಪು ಬಳೆ, ಬಲಗಾಲಿಗೆ ಹಳದಿ, ತೊಡಿಸಿದವಳು ಇಂಗುನ್. ಮೊದಲ ಗಂಡನ ಜೊತೆ ಅದನ್ನು ಕಂಡವಳೂ ಅವಳೇ. ಎರಡನೆಯವನ ಜೊತೆ ಕಂಡವನು ಅವಳ ಜೊತೆಗಾರ ಆಸ್ಲಾಕ್. ವರ್ಷವೆಲ್ಲ ಹಿಮಸಾರಂಗ ಮೇಯಿಸುವವನು, ಜೂನಿನಲ್ಲಿ ಮಾತ್ರ ಹಕ್ಕಿಯವನು. ಇಂದು ಇಲ್ಲಿ ಇಂಗುನಳ ಕೊನೆಯ ದಿನ; ಜೀಪು ಬಂದು ಹಡಗಿಗೆ ಒಯ್ಯಬೇಕು.

೩. (೨ ಎಲ್ಲಿ ಎನ್ನಬೇಡಿ. ಅದರಲ್ಲಿ ಆಸ್ಲಾಕ್ ಹಾಡುತ್ತಿದ್ದ. ಕೇಳಲಾಗಲಿಲ್ಲ.)

"ಎಡಗಾಲು ಕೆಂಪು ಅಂತ ದಾಖಲೆ ಪುಸ್ತಕದಲ್ಲಿ ಬರ್ದಿದ್ಯಲ್ಲ ಆಸ್ಲಾಕ್, ಹಕ್ಕಿ ಆಗ ಯಾವ ಕಡೆ ಮುಖ ಮಾಡಿತ್ತು?"

"ನನ್ ಕಡೆ. ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿತ್ತು ಮಾರಾಯ್ತಿ."

"ಎಡ ಅಂದ್ರೆ ಯಾರ ಎಡ?"

"ನಂದು. ಅದರ ಎಡ ಕಟ್ಕೊಂಡು ನಂಗೇನಾಗ್ಬೇಕು?"

ಇಂಗುನ್ ಕಾಫಿ ಲೋಟ ಕೆಳಗಿಟ್ಟಳು. ಪಕ್ಕದ ಹೊಂಡದ ಹೆಣ್ಣಿಗೆ ಎಡಗಾಲು ಹಳದಿ, ಬಲಗಾಲು ಕೆಂಪು. ಆಸ್ಲಾಕ್ ಕಂಡದ್ದು ಅದನ್ನೇ ಆಗಿದ್ದರೆ, ಒಂದು ಹೆಣ್ಣು ಎರಡು ಗಂಡನ ಕಥೆ ಹೋಗಿ ಎರಡು ಮರ್ಯಾದಸ್ಥ ಸಂಸಾರ ಉಳಿಯುತ್ತವೆ.

"ಹಕ್ಕಿಯ ಎಡ ಅಂತ ಪುಸ್ತಕದ ಮೊದಲ್ನೇ ಪುಟದಲ್ಲೇ ಇದೆ."

"ಮೊದಲ್ನೇ ಪುಟ ಯಾರ್ ಓದ್ತಾರೆ?" (ಓದುಗರೇ, ನಿಮಗಲ್ಲ ಹೇಳಿದ್ದು.) "ಇರು, ಬರೆಯೋ ಹೊತ್ಗೆ ಅದು ಬೆನ್ನು ತಿರುಗ್ಸಿತ್ತೋ ಏನೋ."

ಈಗ ಆ ಎರಡನೆಯ ಗಂಡನ ಪಕ್ಕದಲ್ಲೇ ಹೆಣ್ಣೊಂದು ಬುಗುರಿಯಂತೆ ಸುತ್ತುತ್ತ ಹುಳ ಹೆಕ್ಕುತ್ತಿದೆ. ಕಾಲೆರಡೂ ನೀರೊಳಗೆ.

ಕ್ಲೈಮ್ಯಾಕ್ಸ್ ಅ: ದಡಕ್ಕೆ ಬರುತ್ತದೆ, ಎಡಗಾಲು ಕೆಂಪು, ಸ್ಲೋ ಮೋಷನ್.

ಕ್ಲೈಮ್ಯಾಕ್ಸ್ ಆ: ಎಡಗಾಲು ಹಳದಿ, ಆಸ್ಲಾಕ್ ಓಡುತ್ತಾನೆ.

"ಎರಡೂ ಬೇಡ," ಎಂದಳು ಇಂಗುನ್.

"ಜನಕ್ಕೆ ಏನಾದ್ರೂ ಕೊಡ್ಬೇಕಲ್ಲ ಮೇಡಂ," ಎಂದೆ.

"ಅದು ನಿನ್ ತಲೆನೋವು. ನಾನು ಕಂಡಿದ್ದು ಮಾತ್ರ ಬರೀತೀನಿ." ಪುಸ್ತಕದಲ್ಲಿ 'ಎರಡನೇ ಗಂಡ' ಎಂಬುದನ್ನು ಹೊಡೆದುಹಾಕಿ 'ಗೊತ್ತಿಲ್ಲ' ಎಂದು ಬರೆದಳು.

ರಸ್ತೆಯಲ್ಲಿ ಜೀಪು ಹಾರ್ನ್ ಹೊಡೆಯಿತು.

"ಹಡಗು ತಪ್ಪುತ್ತೆ," ಎಂದ ಆಸ್ಲಾಕ್.

"ತಪ್ಲಿ."

ಆಸ್ಲಾಕ್ ಜೀಪಿಗೆ ಹೋಗು ಎಂದು ಕೈಬೀಸಿ, ಅವಳ ಪಕ್ಕ ಬೋರಲು ಬಿದ್ದ.

ಹಕ್ಕಿ ದಡದತ್ತ ತೇಲಿ ಬಂತು. ನಾನು ಪೆನ್ನು ಎತ್ತಿದೆ.

"ಕೆಳಗಿಡು," ಎಂದಳು ಇಂಗುನ್, ದುರ್ಬೀನಿನಿಂದ ಕಣ್ಣು ತೆಗೆಯದೆ. "ಕಾಲು ಇನ್ನೂ ಕಂಡಿಲ್ಲ."

ಇಟ್ಟೆ.