ಬಿಳಿಗಣ್ಣಿನ ಏಳು ಹೆಣ್ಣು

ನಾನು ಒಂದು ಗಾಜಿನ ಬಾಟಲಿ. ಕುಲುಮೆಯಿಂದ ಹೊರಬಂದಾಗ ಹಾಲು ತುಂಬುವುದೇ ನನ್ನ ಕೆಲಸವೆಂದು ತಿಳಿದಿದ್ದೆ. ಮೂರು ವರ್ಷ ಮೈಸೂರಿನ ಮನೆಬಾಗಿಲುಗಳಲ್ಲಿ ನಿಂತೆ. ಹಾಲು ಪ್ಲಾಸ್ಟಿಕ್ ಕವರಿಗೆ ಹೋದ ಮೇಲೆ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗ ಸೇರಿದೆ.

ಅಲ್ಲಿನ ಅಟೆಂಡರ್ ಮರಿಸ್ವಾಮಿ ರವೆ, ಬೆಲ್ಲ, ಗಟ್ಟಿಯಾಗಲೆಂದು ಅಗರ್ ಪುಡಿ ಬೇಯಿಸಿ ನನ್ನ ತಳಕ್ಕೆ ಸುರಿದು, ಬಾಯಿಗೆ ಹತ್ತಿ ತುರುಕುತ್ತಿದ್ದರು. ಕೇಸರಿಬಾತಿನ ವಾಸನೆ; ತಿನ್ನುವವು ಮಾತ್ರ ಹಣ್ಣಿನ ನೊಣಗಳು. ಅವುಗಳ ಕಣ್ಣು ಇಟ್ಟಿಗೆಗೆಂಪು. ಕೆಂಪು, ಕಂದು ಎರಡೂ ಬೆರೆತ ಬಣ್ಣ. ನನ್ನೊಳಗಿನ ವಂಶದಲ್ಲಿ ಮಾತ್ರ ಒಂದು ಜೀನ್ ಕೆಟ್ಟಿತ್ತು. ಬಣ್ಣದ ಸಾಮಗ್ರಿಯನ್ನು ಕಣ್ಣಿನೊಳಗೆ ಬಿಡುವ ಬಾಗಿಲು ಅದರದು. ಬಾಗಿಲು ತೆರೆಯದೆ ಎರಡೂ ಬಣ್ಣ ಹೊರಗೇ ಉಳಿದು, ಕಣ್ಣು ಅಕ್ಕಿಯಂತೆ ಬೆಳ್ಳಗಿತ್ತು.

ಸಂಶೋಧನೆಗೆ ಬಂದ ನಫೀಸಾ ದಿನವೂ ನರಸೀಪುರದ ಬಸ್ಸಿಳಿದು ಬರುತ್ತಿದ್ದಳು. ಬಿಳಿಗಣ್ಣಿನ ತಾಯಿಗೆ ಕೆಂಪುಗಣ್ಣಿನ ತಂದೆಯನ್ನು ಕೂಡಿಸಿದರೆ ಗಂಡುಮಕ್ಕಳೆಲ್ಲ ಬಿಳಿಗಣ್ಣು, ಹೆಣ್ಣುಮಕ್ಕಳೆಲ್ಲ ಕೆಂಪುಗಣ್ಣು. ಎರಡು ತಿಂಗಳಲ್ಲಿ ಅದನ್ನು ಎಣಿಸಿ ತೋರಿಸದಿದ್ದರೆ ಅವಳ ಪ್ರಬಂಧದ ಅವಧಿ ಮುಗಿಯುತ್ತಿತ್ತು. ತಾಯಿಯಾಗುವ ನೊಣವನ್ನು ಹುಟ್ಟಿದ ಎಂಟು ಗಂಟೆಯೊಳಗೆ ಬೇರೆ ಮಾಡಬೇಕು; ಅಲ್ಲಿಯವರೆಗೆ ಅದು ಗಂಡಿನೊಡನೆ ಕೂಡುವುದಿಲ್ಲ. ಒಂದು ದಿನ ಬಸ್ಸು ಕೆಟ್ಟು ಅವಳು ಬಂದಾಗ ಮಧ್ಯಾಹ್ನ ಮೂರು ಗಂಟೆ. ಬೆಳಗಿನ ಜಾವ ಹುಟ್ಟಿದ ಹೆಣ್ಣುಗಳಲ್ಲಿ ಕೆಲವು ಆಗಲೇ ತಮ್ಮ ಬಿಳಿಗಣ್ಣಿನ ಅಣ್ಣತಮ್ಮಂದಿರೊಡನೆ ಕೂಡಿದ್ದವು. ನಾನು ಕಂಡಿದ್ದೆ. ಗಾಜಿಗೆ ಬಾಯಿದ್ದರೂ ಮಾತಿಲ್ಲ. ಅವಳು ಆತುರದಲ್ಲಿ ಅವನ್ನೇ ಆರಿಸಿಕೊಂಡಳು.

ಎರಡು ವಾರದ ನಂತರ ಮುನ್ನೂರು ಮರಿಗಳನ್ನು ಎಣಿಸುವಾಗ ಏಳು ಹೆಣ್ಣುಗಳ ಕಣ್ಣು ಬಿಳಿ.

ಪಕ್ಕದ ಮೇಜಿನ ವಿಜಯೇಂದ್ರ ಬಗ್ಗಿ ನೋಡಿದ. "ಏಳೇ ತಾನೆ? ನೊಣ ಸಾಯಿಸೋ ಎಣ್ಣೆಗೆ ಹಾಕಿ ಮರೆತುಬಿಡು. ಸಾರ್ ಬಂದು ನೊಣದ ಜನಗಣತಿ ಮಾಡ್ತಾರಾ?"

ಅವಳು ಕುಂಚದ ತುದಿಯಿಂದ ಆ ಏಳನ್ನೂ ಬದಿಗೆ ಸರಿಸಿ ಮತ್ತೊಮ್ಮೆ ಎಣಿಸಿದಳು. ಮರಿಸ್ವಾಮಿ ಕೇಳದೆಯೇ ಒಂದು ಲೋಟ ಟೀ ತಂದಿಟ್ಟು ಹೋದರು. ಅದು ಆರಿ ಕೆನೆ ಕಟ್ಟಿದ ಮೇಲೆ ಅವಳು ರಿಜಿಸ್ಟರಿನಲ್ಲಿ ಏಳು ಎಂದು ಬರೆದಳು.

ಪ್ರೊಫೆಸರ್ ಬೈಯಲಿಲ್ಲ. ತಾಯಿನೊಣಗಳು ಮೊದಲೇ ಕೂಡಿದ್ದವು, ಮತ್ತೆ ಶುರು ಮಾಡು ಎಂದರಷ್ಟೆ. ಮತ್ತೆ ಬಸ್ಸು ಕೈಕೊಟ್ಟರೆ ಮೂರನೆಯ ಸಲಕ್ಕೆ ದಿನಗಳೇ ಉಳಿದಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಮರಿಸ್ವಾಮಿ ಹೇಳಿದರು: "ನೀವು ಮಧ್ಯಾಹ್ನ ಎರಡಕ್ಕೆ ಬಂದರೂ ಸಾಕು ತಾಯಿ. ಬೆಳಿಗ್ಗೆ ಆರಕ್ಕೆ ನಾನು ಬಾಟಲಿ ಖಾಲಿ ಮಾಡಿ ಇಟ್ಟಿರ್ತೀನಿ. ಆಮೇಲೆ ಹುಟ್ಟಿದ್ದಷ್ಟೇ ನಿಮ್ಮವು."

ಅವರ ಕೆಲಸ ಶುರುವಾಗುವುದು ಹತ್ತಕ್ಕೆ. ಆದರೂ ಮರುದಿನದಿಂದ ಮಫ್ಲರ್ ಸುತ್ತಿಕೊಂಡು ಬಂದು, ನನ್ನ ತಳವನ್ನು ಅಂಗೈಗೆ ತಟ್ಟಿ, ಹಳೆಯ ನೊಣಗಳನ್ನು ಒಂದೂ ಉಳಿಯದಂತೆ ಹೊರಹಾಕಿ ಹೋಗುತ್ತಿದ್ದರು; ಇನ್ನೂ ಒಡೆಯದ ಗೂಡುಗಳು ಮಾತ್ರ ನನ್ನ ಗಾಜಿಗೆ ಅಂಟಿ ಉಳಿಯುತ್ತಿದ್ದವು. ಎರಡನೆಯ ಎಣಿಕೆಯಲ್ಲಿ ಬಿಳಿಗಣ್ಣಿನ ಹೆಣ್ಣು ಒಂದೂ ಇರಲಿಲ್ಲ. ಪ್ರಬಂಧ ಗಡುವಿಗೆ ಮುಂಚೆ ಮುಗಿಯಿತು. ಆ ಏಳೂ ಅದರ ಒಂದು ಅಡಿಟಿಪ್ಪಣಿಯಲ್ಲಿ ಉಳಿದವು.

ಆಮೇಲೆ ಎಷ್ಟು ಕೈಗಳೋ, ಎಷ್ಟು ಸಾವಿರ ತೊಳೆತಗಳೋ. ನನ್ನ ಅಂಚು ಮುಕ್ಕಾಯಿತು, ಮೈ ಮಂಜಾಯಿತು. ಪ್ಲಾಸ್ಟಿಕ್ ನಳಿಕೆಗಳು ಬಂದವು. ನಿವೃತ್ತಿಯ ದಿನ ಮರಿಸ್ವಾಮಿ ನನ್ನನ್ನು ವಿಭಾಗದಿಂದ ಕೇಳಿ ಪಡೆದು ಮನೆಗೆ ಒಯ್ದರು. ನೊಣ ಸಾಕಿದ ಬಾಟಲಿ ಅಡುಗೆಮನೆಗೆ ಬೇಡವೆಂದು ಅವರ ಹೆಂಡತಿ ಕಿಟಕಿಯ ಕಟ್ಟೆಯಲ್ಲಿಟ್ಟರು. ಅಲ್ಲೇ ಇದ್ದೇನೆ. ದಣಿದಿದ್ದೇನೆ; ಖಾಲಿ ಇರುವುದು ಈಗ ಹಿತವೆನಿಸುತ್ತದೆ.

ಅವರಿಗೆ ಮಾತ್ರ ಇನ್ನೂ ಆರಕ್ಕೇ ಎಚ್ಚರ. ಎದ್ದು ಬಂದು ನನ್ನನ್ನು ಎತ್ತಿ, ಅಂಗೈಗೆ ಎರಡು ಸಲ ತಟ್ಟಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಒಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೆಳಗಿಡುತ್ತಾರೆ.