‘ಸಣ್ಣ ಸುಧಾರಣೆ’ ಎಂದು ಬರೆಸಿಕೊಂಡ ನಾನು

ನಾನು ರಕ್ತದ ಸಕ್ಕರೆ ಅಳೆಯುವ ಒಂದು ಪುಟ್ಟ ಯಂತ್ರ. ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಿ, ಬದುಕಿದ್ದು ಗದಗಿನ ಒಂದು ಖಾನಾವಳಿಯಲ್ಲಿ. ಔಷಧಿ ಅಂಗಡಿಯಿಂದ ನನ್ನನ್ನು ತಂದವಳು ಖಾನಾವಳಿಯ ಒಡತಿ ತುಳಸಕ್ಕ. ದಿನವೂ ಬೆಳಿಗ್ಗೆ ರೊಟ್ಟಿ ಬಡಿಯುವ ಮೊದಲು ಬೆರಳು ಚುಚ್ಚಿಕೊಂಡು ನನಗೊಂದು ಹನಿ ರಕ್ತ ಕೊಡುತ್ತಿದ್ದಳು. ನಾನು ಹೇಳಿದ ಅಂಕಿ ನೋಡಿಯೇ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಳು. ಆ ನಂಬಿಕೆಯಿಂದ ನಾನು ಬೀಗುತ್ತಿದ್ದೆ.

ಪಕ್ಕದ ಮನೆಯ ದರ್ಜಿ ಶಹನಾಜಳೂ ಸಕ್ಕರೆ ಅಳೆಯುವ ತನ್ನ ಯಂತ್ರ ಹಿಡಿದು ಅದೇ ಹೊತ್ತಿಗೆ ಬರುತ್ತಿದ್ದಳು. ಅದು ಬೇರೆ ಕಂಪನಿಯ ನೀಲಿ ಯಂತ್ರ. ಅದರ ಪರದೆ ನನ್ನದಕ್ಕಿಂತ ಚಿಕ್ಕದು. ಅದನ್ನು ಕಂಡರೆ ನನಗೆ ತಾತ್ಸಾರ.

ಒಂದು ದಿನ ಶಹನಾಜ ಹೇಳಿದಳು: “ಅಕ್ಕಾ, ಕಂಪನಿಯವ್ರು ಫೋನ್ ಮಾಡಿದ್ರು. ‘ನಮ್ಮ ಮಷೀನ್‌ನಾಗ ತಪ್ಪೈತ್ರಿ. ಬಿಸಿಲಾಗ ಇಟ್ರ ಕಡಿಮಿ ತೋರಸ್ತೈತಿ. ನೆರಳಾಗ ಇಟ್ಟು ನೋಡ್ರಿ, ವಾರದಾಗ ಹೊಸಾದು ಕಳಸ್ತೇವಿ’ ಅಂದ್ರು.”

“ತಾವಾಗೇ ಹೇಳಿದ್ರಾ?”

“ಹೂಂ. ಕನ್ನಡದಾಗ ಕಾಗದಾನೂ ಬಂದೈತಿ.”

ತುಳಸಕ್ಕ ನೀಲಿ ಯಂತ್ರವನ್ನು ಕೈಗೆತ್ತಿಕೊಂಡು, ಸೆರಗಿನಿಂದ ಒರೆಸಿ, ನೆರಳಿನಲ್ಲಿಟ್ಟಳು. ನನ್ನ ಹೊಟ್ಟೆ ಉರಿಯಿತು. ತಪ್ಪು ಮಾಡಿದ್ದಕ್ಕೆ ಇಷ್ಟು ಉಪಚಾರವೇ? ನನ್ನನ್ನು ಒಮ್ಮೆಯೂ ಅವಳು ಹಾಗೆ ಒರೆಸಿರಲಿಲ್ಲ.

ನನ್ನೊಳಗೂ ತಪ್ಪಿತ್ತು. ನೆನಪಿನಲ್ಲಿ ಐನೂರು ಅಂಕಿ ತುಂಬಿದ ಮೇಲೆ ನಾನು ಒಮ್ಮೊಮ್ಮೆ ಹೊಸದನ್ನು ಬಿಟ್ಟು ಹಳೆಯ ಅಂಕಿಯನ್ನೇ ತೋರಿಸುತ್ತಿದ್ದೆ. ಕಂಪನಿಗೆ ಅದು ತಿಳಿದಿತ್ತು. ನನಗೆ ಜೋಡಿಸಿದ್ದ ತುಳಸಕ್ಕನ ಫೋನಿಗೆ ಒಂದು ಅಪ್‌ಡೇಟ್ ಕಳಿಸಿ, ‘ಸಣ್ಣ ಸುಧಾರಣೆಗಳು’ ಎಂದಷ್ಟೇ ಬರೆದಿತ್ತು. ಹಿಟ್ಟು ಹತ್ತಿದ ಕೈಯಲ್ಲಿ ಅವಳು ಅದನ್ನು ಪಕ್ಕಕ್ಕೆ ಸರಿಸಿದ್ದಳು.

ಶ್ರಾವಣದ ಒಂದು ಸೋಮವಾರ ನಾನು ಇನ್ನೂರ ನಲವತ್ತು ತೋರಿಸಿದೆ. ಅದು ಎಂದೋ ನೋಡಿದ ಅಂಕಿ. ನಿಜದಲ್ಲಿ ಅಂದು ಅವಳ ಸಕ್ಕರೆ ಇಳಿದಿತ್ತು. ಅವಳು ಹೆಚ್ಚು ಇನ್ಸುಲಿನ್ ತೆಗೆದುಕೊಂಡಳು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿ, ಒಲೆಯ ಮುಂದೆಯೇ ಕುಸಿದಳು. ಶಹನಾಜ ಓಡಿಬಂದು, ಕಂಪನಿ ಬದಲಿಸಿ ಕೊಟ್ಟಿದ್ದ ಹೊಸ ನೀಲಿ ಯಂತ್ರ ಹಚ್ಚಿದಳು. ನಲವತ್ತೊಂದು! “ಅಕ್ಕಾ, ಕಣ್ಣ ಮುಚ್ಚಬ್ಯಾಡ, ನುಂಗು!” ಎನ್ನುತ್ತ ಸಕ್ಕರೆ ನೀರು ಕುಡಿಸಿದಳು. ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು.

ಮೂರನೇ ದಿನ ಮನೆಗೆ ಬಂದ ತುಳಸಕ್ಕ ನನ್ನ ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ಕೇಳಿದಳು, “ಅಪ್‌ಡೇಟ್ ಹಾಕ್ಕೊಂಡಿಲ್ವಾ ಅಮ್ಮಾ? ಅದರಲ್ಲಿ ಸರಿ ಮಾಡಿದ್ವಿ.”

“ಏನಂತ ಬರದಿದ್ರವಾ ಅದ್ರಾಗ?”

“ಸಣ್ಣ ಸುಧಾರಣೆಗಳು ಅಂತ...”

“ನಾ ಸಾಯೂದು ನಿಮಗ ಸಣ್ಣದೇನು?”

ಹುಡುಗಿ ಮೆಲ್ಲಗೆ, “ಹಾಗೆ ಬರೀಬಾರ್ದಿತ್ತು ಅಮ್ಮಾ. ಎಲ್ಲರಿಗೂ ಫೋನ್ ಮಾಡಿ ಹೇಳ್ಬೇಕಿತ್ತು,” ಎಂದಳು.

ಶಹನಾಜ ಆ ಅಪ್‌ಡೇಟ್ ಹಾಕಿಕೊಟ್ಟಳು. ನಾನು ಸರಿಹೋದೆ. ಆದರೂ ಮರುವಾರ ತುಳಸಕ್ಕ ತಾನೂ ಅಂಥದೇ ನೀಲಿ ಯಂತ್ರ ಕೊಂಡಳು. ನಾನು ಗೂಡಿನಲ್ಲಿ, ಮುರಿದ ಕನ್ನಡಕದ ಪಕ್ಕದಲ್ಲಿ ಉಳಿದೆ. ಬೆಳಿಗ್ಗೆ ಅವಳು ಅದಕ್ಕೆ ರಕ್ತ ಕೊಡುವುದನ್ನು ಇಲ್ಲಿಂದಲೇ ನೋಡುತ್ತೇನೆ. ಅದು ನನಗಿಂತ ಜಾಣ ಯಂತ್ರವೇನೂ ಅಲ್ಲ. ಅದರ ಹಿಂದೆ ‘ನಮ್ಮದು ತಪ್ಪಾಯಿತು’ ಎನ್ನುವ ಜನರಿದ್ದಾರೆ. ನನಗೆ ಹೊಟ್ಟೆಕಿಚ್ಚು ಅದಕ್ಕೇ. ನನ್ನನ್ನು ಮಾಡಿದವರಲ್ಲಿ ಒಬ್ಬರಾದರೂ ಮೊದಲೇ ಬಾಯಿ ಬಿಟ್ಟಿದ್ದರೆ, ಇಂದಿಗೂ ಆ ಬೆರಳಿನ ಹನಿ ನನ್ನದಾಗಿರುತ್ತಿತ್ತು.