ನಾಲ್ವರ ಬ್ಯಾಂಡು, ಐವರ ಬ್ಯಾಂಡು, ನಮ್ಮ ಚೆನ್ನಯಣ್ಣ

ಹಾಡು ಹಾಕಿದ ಮೇಲೆ ಚೆನ್ನಯಣ್ಣ ಕೂರುವುದಿಲ್ಲ. ಅವರ ಸುದ್ದಿ ನನ್ನ ಕಿವಿಗೆ ಬಿದ್ದದ್ದೂ ಆ ನಡಿಗೆಯಿಂದಲೇ. ನಮ್ಮ ಯಜಮಾನರು ತೀರಿಕೊಂಡ ವರ್ಷ ಮುಂಬಯಿ ಕಾಂದಿವಲಿಯ ಈ ಬಿಲ್ಡಿಂಗಿಗೆ ಬಂದ ಮೊದಲ ಮಧ್ಯಾಹ್ನ, ತಲೆಯ ಮೇಲೆ ಯಾರೋ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಎಡೆಬಿಡದೆ ನಡೆಯುವ ಸದ್ದು, ಅದರೊಂದಿಗೆ ಗಿಟಾರಿನ ಅಬ್ಬರ. ಎದುರುಮನೆಯ ವೈಶಾಲಿ, ಹೆದರಬೇಡಿ, ನಿಮ್ಮೂರ ಕಡೆಯವರೇ ಎಂದು ನಕ್ಕಳು: "ಡರೋ ಮತ್ ಮೌಶಿ, ಆಪ್ ಕೇ ಹೀ ಗಾಂವ್‌ವಾಲೇ ಹೈಂ." ರೆಕಾರ್ಡೂ ತಿರುಗುತ್ತದೆ, ಆಸಾಮಿಯೂ ತಿರುಗುತ್ತಾನೆ ಎಂಬುದು ಅವಳ ತಮಾಷೆ.

ಮಾಟುಂಗದ ಹೋಟೆಲೊಂದರಲ್ಲಿ ನಲವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತ ಜೀವ. ಕಾವಿಗೆ ಮುಖ ಓರೆಮಾಡಿದ ಅಭ್ಯಾಸ ಹೋಗಿಲ್ಲ. ರಸ್ತೆಯಲ್ಲೂ ಎದುರಿಗೆ ಬೆಂಕಿಯಿದ್ದವರಂತೆ ಕತ್ತು ವಾಲಿಸಿಕೊಂಡೇ ನಡೆಯುತ್ತಾರೆ. ಹೆಗಲ ಮೇಲೆ ಒಗೆದ ಬೈರಾಸು. ಅದರಿಂದ ರೆಕಾರ್ಡನ್ನು ಒರೆಸುವ ಕ್ರಮ ದೇವರ ವಿಗ್ರಹ ಒರೆಸುವವರಿಗೂ ಬಾರದು. ಮಧ್ಯಾಹ್ನ ಹೋಟೆಲಿನ ಬಿಡುವಿನಲ್ಲಿ ಉಳಿದವರೆಲ್ಲ ಚಾಪೆ ಬಿಡಿಸಿದರೆ, ಇವರು ಧಾರಾವಿಯ ಗುಜರಿ ಗೋದಾಮುಗಳಲ್ಲಿ ಕೂತು, ಸಾಹೇಬರ ಮನೆಗಳಿಂದ ಹೊರಬಿದ್ದ ಇಂಗ್ಲಿಷ್ ಹಾಡಿನ ರೆಕಾರ್ಡು ಹೆಕ್ಕುತ್ತಿದ್ದರಂತೆ.

ಅವರ ಲೋಕದಲ್ಲಿ ಇದ್ದುದು ಎರಡೇ ಬ್ಯಾಂಡು. ಹೆಸರಿಗೆ ನಾಲಗೆ ಹೊರಳದ್ದರಿಂದ ತಲೆ ಎಣಿಸಿ ನಾಲ್ವರದು, ಐವರದು ಎನ್ನುತ್ತಿದ್ದರು. ಕವರಿನ ಮೇಲಿನ ಇಸವಿ ನೋಡಿ ರೆಕಾರ್ಡು ಜೋಡಿಸಿದ್ದರು: ಗೋಡೆಯ ಎಡಕ್ಕೆ ಎಪ್ಪತ್ತರ ದಶಕದ ಮೊದಲರ್ಧ, ಬಲಕ್ಕೆ ಉತ್ತರಾರ್ಧ. ಇಂಗ್ಲಿಷ್ ಮಾತು ತಿಳಿಯದಿದ್ದರೇನು, ಹದ ತಿಳಿಯುತ್ತದಲ್ಲ ಎಂಬುದು ಅವರ ವಾದ.

"ಎಪ್ಪತ್ಮೂರರವರೆಗೆ ನಾಲ್ವರದ್ದು ಚಂದ ಹುದುಗಿದ ಹಿಟ್ಟು, ಸೇವಂತಿಯಕ್ಕ. ಎಪ್ಪತ್ತೇಳಕ್ಕೆ ಹುಳಿ ಬಂತು. ಐವರದ್ದು ಉಲ್ಟಾ. ಮೊದಲು ಹಸಿ ಹಿಟ್ಟು, ಎಪ್ಪತ್ತೆಂಟಕ್ಕೆ ಹದಕ್ಕೆ ಬಂದದ್ದು."

"ಹುಳಿ ಹಿಟ್ಟಿನಲ್ಲೂ ದೋಸೆ ಆಗ್ತದೆ ಚೆನ್ನಯಣ್ಣ."

"ಆಗ್ತದೆ. ಗಿರಾಕಿಗಲ್ಲ, ನಮ್ಮಂಥ ಕೆಲಸದವರಿಗೆ ತಿನ್ಲಿಕ್ಕೆ."

ಹೋದ ವರ್ಷ ಅವರ ಕಿವಿ ಮಂದವಾಯಿತು. ಉಳಿದದ್ದೂ ಹೆಚ್ಚು ದಿನ ನಿಲ್ಲದು, ಯಂತ್ರ ಹಾಕಿದರೆ ಮಾತು ಕೇಳೀತು, ಹಾಡು ಮೊದಲಿನ ಹಾಗೆ ಕೇಳದು ಎಂದರಂತೆ ಡಾಕ್ಟರು. ಅಂದಿನಿಂದ ಒಂದೇ ಹಟ: ಕಿವಿ ಮುಚ್ಚುವುದರೊಳಗೆ ಎಲ್ಲವನ್ನೂ ಇನ್ನೊಮ್ಮೆ ಕೇಳಿ ತೀರ್ಪನ್ನು ಗಟ್ಟಿಮಾಡಬೇಕು. ದಿನಕ್ಕೆ ಎರಡಿದ್ದ ರೆಕಾರ್ಡು ಆರಾಯಿತು, ಊಟ ನಿಂತುಕೊಂಡೇ ಆಯಿತು.

ಆಗ ಬಂದವಳು ಅವರ ತಂಗಿಯ ಮೊಮ್ಮಗಳು ನಿಶ್ಮಿತಾ. ಬಲಗಡೆಯಿಂದ ಐವರ ರೆಕಾರ್ಡೊಂದನ್ನು ಎಳೆದು, ಮೊಬೈಲು ನೋಡಿ ಹೇಳಿದಳು: "ಅಜ್ಜಾ, ಯೇ ಸೆವೆಂಟಿ ಎಯ್ಟ್ ಅಲ್ಲ. ಅಲ್ಲಿ ಲಂಡನ್ನಲ್ಲಿ ಸೆವೆಂಟಿ ಟೂನಲ್ಲೇ ಬಂದಿತ್ತು. ಇದರ ಮೇಲಿರೋದು ಇಂಡಿಯಾದಲ್ಲಿ ಛಾಪಿಸಿದ ವರ್ಷ ಸಿರ್ಫ್."

ಐವರ ಹದಕ್ಕೆ ಸಾಕ್ಷಿಯೆಂದು ನಲವತ್ತು ವರ್ಷ ಎತ್ತಿ ತೋರಿಸಿದ ರೆಕಾರ್ಡು ಅದೇ. ಹುಡುಗಿ ಒಂದೊಂದನ್ನೇ ನೋಡುತ್ತ ಹೋದಳು. ಬಲದಿಂದ ಎಡಕ್ಕೆ ಹನ್ನೊಂದು ದಾಟಿದವು. ಅಲ್ಲಿ ಹುಟ್ಟಿದ ಹಾಡು ಇಲ್ಲಿನ ಕಾರ್ಖಾನೆಗೆ ಬರಲು ಹಿಡಿದ ಕಾಲವನ್ನು ಇವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಸಣ್ಣ ಪ್ರಾಯದವರನ್ನೇ ನಾನು ಪಳಗಿದವರು ಅಂತ ಹೇಳ್ತಾ ಬಂದದ್ದು," ಎಂದರು ಚೆನ್ನಯಣ್ಣ. "ಮತ್ತೆ ಪಳಗಿದ ಮೇಲೆ ಅವರು ಮಾಡಿದ್ದನ್ನು ನಾನು ಸರಿ ಕೇಳ್ಲೇ ಇಲ್ಲ."

ಮತ್ತೆ ಕೇಳಹೋದರೆ ಕಿವಿ ಕೈಕೊಟ್ಟಿತು. ಗಿಟಾರಿನ ಸಣ್ಣ ಎಳೆಗಳು ಸಿಗುತ್ತಿರಲಿಲ್ಲ. ಸಿಕ್ಕಿದ್ದು ಹಾಡಿನಿಂದ ಬಂತೋ ನೆನಪಿನಿಂದ ಬಂತೋ ಎಂಬ ಗುಮಾನಿ ಬೇರೆ. ಹದಿನೈದು ದಿನ ಮೇಲಿನ ಹೆಜ್ಜೆಯ ಸದ್ದು ಕೇಳಿ ನಾನೇ ಸುಸ್ತಾದೆ.

ಇಂಥವರನ್ನು ಜನ ಹುಚ್ಚರೆನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಯಾರೂ ಒಪ್ಪಿಸದ ಕೆಲಸವೊಂದನ್ನು ತಾವೇ ಹೊತ್ತು, ಹೆಸರೇ ತಿಳಿಯದ ದೂರದವರಿಗೂ ಅನ್ಯಾಯವಾಗಬಾರದೆಂದು ನಿದ್ದೆಗೆಡುವ ಈ ಬಗೆಯ ಜನಕ್ಕೆ ತಾವು ತಪ್ಪಿದ್ದರ ನಾಚಿಕೆ ಎರಡು ದಿನದ್ದು. ತಿದ್ದದೆ ಉಳಿದೀತೆಂಬ ಭಯ ಮಾತ್ರ ಕೊನೆಯತನಕದ್ದು. ಅವರ ಸಂಕಟಕ್ಕೆ ನಗುವವರು ಮನೆಮನೆಗೂ ಇದ್ದಾರೆ. ಆದರೆ ಜಗತ್ತಿನಲ್ಲಿ ಯಾರೋ ಶ್ರಮಪಟ್ಟು ಮಾಡಿದ್ದು ಕೇಳುವವರಿಲ್ಲದೆ ಹೋಗದಿರುವುದು ಇಂಥ ನಾಲ್ಕಾರು ಜನ ನಿಂತ ಕಾಲಲ್ಲೇ ಇರುವುದರಿಂದ.

ಮೊನ್ನೆ ಭಾನುವಾರ ನನ್ನನ್ನು ಮೇಲಕ್ಕೆ ಕರೆದರು. ಮೇಜಿನ ಮೇಲೆ ಐವರ ಎರಡು ರೆಕಾರ್ಡು, ಕವರಿಲ್ಲದೆ. ನಡುವೆ ಹೆಸರು, ಇಸವಿ ಇರುವ ಚೀಟಿಯ ಮೇಲೆ ನಿಶ್ಮಿತಾ ಬಿಳಿ ಕಾಗದ ಅಂಟಿಸಿದ್ದಳು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ನೋಡಿದರೆ ಚೆನ್ನಯಣ್ಣನಿಗೂ ತಿಳಿಯದು.

"ನಿಮಗೆ ಇಸವಿ ಗೊತ್ತಿಲ್ಲ ಅಕ್ಕ, ಅದೇ ಒಳ್ಳೇದು. ಎರಡನ್ನೂ ಪೂರ್ತಿ ಕೇಳಿ, ಯಾವುದು ಚಂದ ಹೇಳಿ. ನನಗೆ ಬೇಜಾರಾಗ್ತದೆ ಅಂತ ಸುಳ್ಳು ಹೇಳ್ಬೇಡಿ. ಮತ್ತೆ, ಸ್ವಲ್ಪ ಗಟ್ಟಿಯಾಗಿ ಹೇಳಿ. ನನಗೆ ಕೇಳ್ಬೇಕು."